ಸವಣೂರಿನ ದೊಡ್ಡ ಹುಣಸಿಮರದ ಅಳತಿ

ಇದು ಮನಿಮನಿಗೆ ಟೀವಿ ಬರೋಕಿಂತ ಮೊದಲಿನ ಮಾತು. ನಮ್ಮ ಓಣಿ ಗಂಗವ್ವನ ಮಗಳು ಶಾಂತಾ ಬಂದ ವರಗಳನ್ನೆಲ್ಲಾ ಬ್ಯಾಡ ಅಂದಿದ್ಲು. ಕಡೀಕ ಬಂದಾಂವ ಹತ್ತಿಮತ್ತೂರಿನ ಈರಣ್ಣ, ಬಾಯಿ ತೆರೆದ್ರ ಮುತ್ತು ಉದುರ್ತಾವ ಅನ್ನೋ ಹಂಗ ಸುಮ್ಮ ಕೂಡಾಂವ. "ಈ ಮೂಕಬಸಪ್ಪ ನನಗ ಬ್ಯಾಡವ್ವ" ಅಂದ್ಲು. ಗಂಗವ್ವ ಅತ್ತಳು. ಸವಣೂರಿಗೆ ಮ್ಯಾಲ ಕೆಳಗ ತಿರುಗೋ ತೊಟ್ಟಲ ಬಂದಾವ, ಇಬ್ಬರನ್ನೂ ಒಂದರಾಗ ಕುಂಡ್ರಿಸಿದ್ರ ಅಂಜಿಕಿಗರೆ ಮಾತಾಡ್ಯಾನು ಅಂತ ನಾನ ಉಪಾಯ ಹೇಳಿದೆ. ಅವನ ಅವ್ವನೂ ಹೂಂ ಅಂದ್ಲು.

ಎರಡೂ ಮನಿಯವರು ಕೂಡಿ ಹೋಗಿ ನೋಡಿದ್ರ ತೊಟ್ಟಲೆಲ್ಲಾ ಇನ್ನೂ ನೆಲದ ಮ್ಯಾಲ ಬಿದ್ದಿದ್ವು.

"ಸಂಜಿಮುಂದ ಚಾಲೂ ಆಕ್ಕಾವ್ರೀ ಅವ್ವಾರ. ಅಲ್ಲೀತನಾ ದೊಡ್ಡ ಹುಣಸಿಮರ ನೋಡ್ಕೊಂಡ ಬರ್ರಿ" ಅಂದ ತೊಟ್ಟಲದಾಂವ.

ಹೆಸರಿಗಷ್ಟ ಅದು ಹುಣಸಿ, ಜಾತಿನ ಬ್ಯಾರೆ; ಬೊಡ್ಡಿ ಒಂದು ಮನಿಯಷ್ಟ ದಪ್ಪ. ಹೋದವರೆಲ್ಲಾ ಕೈ ಕೈ ಹಿಡಕೊಂಡು ಅದನ್ನ ತಬ್ಬಿ ಅಳೀತಾರ. ನಾವೂ, ಅಲ್ಲಿಗೆ ಬಂದ ಮಂದೀನೂ ಸೇರಿ ಸುತ್ತ ನಿಂತ್ವಿ. ಶಾಂತಾ, ಈರಣ್ಣ ಆ ಕಡೆ ಮರೀಗೆ ಬಿದ್ರು. "ಸಾಕು, ಬಿಡ್ರಿ" ಅಂದೆ. ಎಲ್ಲಾರೂ ಬಂದ್ರು, ಇವರಿಬ್ಬರು ಬರಲಿಲ್ಲ. ನಾ ಬಿಡ್ತೇನೇನು? ಸುತ್ತುಹಾಕಿ ಹಣಿಕಿದೆ. ಕೈಯಾಗ ಕೈ ಹಂಗ ಐತಿ, ಮೂಕಬಸಪ್ಪ ಪಟಪಟ ಮಾತಾಡಾಕತ್ತಾನ, ಈಕಿ ನಕ್ಕೋತ ನಿಂತಾಳ!

ಕೆಮ್ಮಿದೆ. "ಯಾಕ ತಂಗಿ, ಅಳತಿ ಮುಗೀಲಿಲ್ಲೇನು?"

ಶಾಂತಾ ಕೈ ಬಿಡಲಿಲ್ಲ. "ಇನ್ನೊಮ್ಮೆ ಅಳೀಬೇಕು ದೊಡ್ಡವ್ವ. ನೀ ಆ ಕಡೆ ಹೋಗು."

ಲಗ್ನ ಆಗೂತನಾ ಯಾರ ಮುಂದೂ ಬಾಯಿಬಿಡಬ್ಯಾಡ ಅಂತ ಗಂಗವ್ವ ಆಣಿ ಹಾಕಿದ್ಲು. ನಾ ಮಾತಿಗೆ ತಪ್ಪಾಕಿ ಅಲ್ಲ. ತಿರುಗಿ ಊರಿಗೆ ಬರೂಮುಂದ ಬಸ್ಸಿನ್ಯಾಗ ಕುಂತವರಿಗಷ್ಟ ಹೇಳಿದೆ.