ಕಸ್ತೂರಮ್ಮ ದನದ ಡಾಕ್ಟ್ರಿಗೆ ಕೇಳಿದ ಮಾತು

ಸಂತೇಬೆನ್ನೂರಿನ ಕಸ್ತೂರಮ್ಮನಿಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅತ್ತೆ ಶಂಕ್ರಮ್ಮ ಕೆಟ್ಟವಳಲ್ಲ; ಸೊಸೆಯನ್ನು ಒಂದು ದಿನಕ್ಕೂ ಬಂಜೆ ಅಂದವಳಲ್ಲ. ಆದರೆ ಹರಕೆಯ ಮೇಲೆ ಹರಕೆ ಹೊರುತ್ತಿದ್ದಳು. ಅದರ ಒಪ್ಪತ್ತುಗಳೆಲ್ಲ ಸೊಸೆಯ ಪಾಲಿಗೆ ಬರುತ್ತಿದ್ದವು. ಮೊದಲು ಸೋಮವಾರ, ಆಮೇಲೆ ಶುಕ್ರವಾರ, ಕೊನೆಗೆ ಗುರುವಾರವೂ ಸೇರಿತು. ಮಿಕ್ಕ ದಿನ ಕಸ್ತೂರಮ್ಮ ಹೊಲಕ್ಕೆ ಬುತ್ತಿ ಹೊತ್ತು, ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದಳು.

ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ತಿಂಗಳ ಮುಟ್ಟು ಮೊದಮೊದಲು ತಡವಾಯಿತು, ಆಮೇಲೆ ನಿಂತೇಹೋಯಿತು. ನಿಂತಾಗ ಮನೆಯವರೆಲ್ಲ ಹಿಗ್ಗಿ ಪಾಯಸ ಮಾಡಿದ್ದರು. ಹೊಟ್ಟೆ ಮಾತ್ರ ಬೆನ್ನಿಗಂಟಿಕೊಂಡೇ ಇತ್ತು.

ಎಪ್ಪತ್ತೊಂಬತ್ತರ ಬೇಸಿಗೆ. ಮನೆಯ ಎಮ್ಮೆ ಬಹಳ ದಿನದಿಂದ ಬೆದೆಗೆ ಬಂದಿರಲಿಲ್ಲ. ಗಂಡ ಮರುಳಸಿದ್ದಪ್ಪ ದನದ ಡಾಕ್ಟರು ಧರ್ಮಪ್ಪನವರನ್ನು ಕರೆಸಿದ. ಅವರು ಎಮ್ಮೆಯ ಪಕ್ಕೆ ಸವರಿ ನೋಡಿ, "ರೋಗ ಏನೂ ಇಲ್ಲ ಸಿದ್ದಪ್ಪ. ಎಲುಬು ಎಣಿಸಬಹುದು, ನೋಡ್ರಿ. ಹಿಂಡಿ, ಬೂಸಾ ಹಾಕ್ರಿ. ಮೈ ತುಂಬ್ಕೊಂಡ್ರೆ ತಾನೇ ಬೆದೆಗೆ ಬರ್ತೈತೆ" ಅಂದರು.

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಕಸ್ತೂರಮ್ಮನಿಗೆ ಅದು ಕೇಳಿಸಿತು. ಮಾತು ಬಾಯಿಗೆ ಬಂದೇಬಿಟ್ಟಿತು.

"ಡಾಕ್ಟ್ರೇ, ಮನುಷ್ಯರಿಗೂ ಹಿಂಗೇ ಆಗ್ತೈತಾ?"

ಮರುಳಸಿದ್ದಪ್ಪ ಬೆಚ್ಚಿ ಹೆಂಡತಿಯ ಮುಖ ನೋಡಿದ. ಧರ್ಮಪ್ಪ ಕೆಮ್ಮಿ, ಲೋಟ ಇಸಕೊಂಡು, "ನಾನು ದನದ ಡಾಕ್ಟ್ರು ತಾಯಿ. ಅದನ್ನ ಹೊನ್ನಾಳಿ ಲೇಡಿ ಡಾಕ್ಟ್ರಿಗೆ ಕೇಳ್ರಿ" ಅಂದು ನಕ್ಕರು.

ಅವಳು ನಿಜಕ್ಕೂ ಕೇಳಲು ಹೊರಟಳು. ಗಂಡ ನಾಚಿಕೊಂಡೇ ಬಸ್ಸು ಹತ್ತಿಸಿದ. ಹೊನ್ನಾಳಿಯ ಲೇಡಿ ಡಾಕ್ಟ್ರು ಶಾಂತಾದೇವಿ ತೂಕ ನೋಡಿದರು, ಮುಟ್ಟಿನ ವಿಚಾರ ಕೇಳಿದರು. ಆಮೇಲೆ ಯಾರೂ ಕೇಳದಿದ್ದ ಒಂದು ಮಾತು ಕೇಳಿದರು: "ನಿನ್ನೆ ಏನು ಉಂಡೆ?"

ನಿನ್ನೆ ಸೋಮವಾರ. "ಒಪ್ಪತ್ತಿತ್ತು ರೀ" ಅಂದಳು ಕಸ್ತೂರಮ್ಮ.

"ಹೆಣ್ಣಿನ ಮೈಯಾಗೆ ಒಂದಿಷ್ಟು ಕೊಬ್ಬು ಇರಬೇಕಮ್ಮ. ತನ್ನ ಜೀವಕ್ಕೇ ಸಾಲದು ಅನ್ನಿಸಿದ್ರೆ, ಇನ್ನೊಂದು ಜೀವ ಹೊರೋ ಕೆಲಸವನ್ನ ಮೈ ನಿಲ್ಲಿಸಿಬಿಡುತ್ತೆ. ಅದಕ್ಕೇ ಮುಟ್ಟು ನಿಂತಿರೋದು."

ಅವಳಿಗೆ ಅಳು ಬರಲಿಲ್ಲ. ಇನ್ನೊಂದು ಪ್ರಶ್ನೆ ಬಂತು. "ಹಂಗಾದ್ರೆ ತ್ಯಾವಣಿಗೇಲಿ ನಮ್ಮ ನಾದಿನಿ ಉಚ್ಚಂಗೆಮ್ಮ ಅದಾಳಲ್ರೀ, ದಪ್ಪಗೆ ಅದಾಳೆ. ಅವಳಿಗ್ಯಾಕೆ ಮಕ್ಕಳಾಗ್ಲಿಲ್ಲ?"

ಡಾಕ್ಟ್ರು ಪೆನ್ನು ಕೆಳಗಿಟ್ಟರು. "ಕೊಬ್ಬು ಬಹಳ ಹೆಚ್ಚಾದ್ರೂ ಮುಟ್ಟು ಏರುಪೇರಾಗುತ್ತೆ. ಅದೊಂದೇ ಕಾರಣ ಅಂತಲೂ ಹೇಳಾಕೆ ಆಗಲ್ಲ. ಅವಳನ್ನೂ ಕರ್ಕೊಂಡು ಬಾ, ಅವಳ ಗಂಡನ್ನೂ ಕರ್ಕೊಂಡು ಬಾ."

ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೆ ಒಂದೇ ಚಿಂತೆ, ಅತ್ತೆಗೆ ಹೆಂಗೆ ಹೇಳೋದು. ದೇವರ ಒಪ್ಪತ್ತು ಬಿಡ್ತೀನಿ ಅಂದರೆ ಮನೆ ಹೊತ್ತಿ ಉರಿಯದೆ ಇರುತ್ತದೆಯೇ? ಮನೆಗೆ ಬಂದವಳೇ, ಕಟ್ಟೆಯ ಮೇಲೆ ಹುಣಸೆಹಣ್ಣು ಸುಲಿಯುತ್ತಿದ್ದ ಶಂಕ್ರಮ್ಮನಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ನಿಂತಳು.

ಶಂಕ್ರಮ್ಮ ಮೊರ ಪಕ್ಕಕ್ಕಿಟ್ಟಳು. ಆಮೇಲೆ ಸೊಸೆಯ ರಟ್ಟೆ ಹಿಡಿದು ನೋಡಿದಳು. ಅತ್ತೆಯ ಹೆಬ್ಬೆರಳೂ ನಡುಬೆರಳೂ ರಟ್ಟೆಯ ಸುತ್ತ ಒಂದಕ್ಕೊಂದು ತಾಗಿದವು.

"ಹರಕೆ ಹೊತ್ತೋಳು ನಾನು. ಇನ್ಮೇಲೆ ಒಪ್ಪತ್ತೂ ನಾನೇ ಮಾಡ್ತೀನಿ. ಶಿವ ಬ್ಯಾಡ ಅನ್ನಾಕಿಲ್ಲ. ನೀನು ಉಣ್ಣು."

ಅಂದಿನಿಂದ ಕಸ್ತೂರಮ್ಮನ ತಟ್ಟೆ ಎಲ್ಲರ ಜೊತೆಗೇ ಬಿತ್ತು. ಮುದ್ದೆ, ಬೇಳೆಸಾರು, ಬೆಣ್ಣೆ, ಸಂಜೆಗೆ ಶೇಂಗಾ ಬೆಲ್ಲ. ಮೊದಮೊದಲು ಅರ್ಧಕ್ಕೇ ಹೊಟ್ಟೆ ತುಂಬಿ ಸಂಕಟವಾಗುತ್ತಿತ್ತು. ದಸರಾ ಹೊತ್ತಿಗೆ ಒಂದು ಬೆಳಿಗ್ಗೆ ಮುಟ್ಟಾಯಿತು. ಹಿಂದೆ ಪ್ರತಿ ಸಲ ಅದನ್ನು ಕಂಡು ಕಣ್ಣೀರಿಡುತ್ತಿದ್ದವಳು ಅವತ್ತು ಹಿತ್ತಲಲ್ಲಿ ಒಬ್ಬಳೇ ನಕ್ಕಳು. ಎರಡನೇ ವರ್ಷ ಹೆಣ್ಣುಮಗು ಹುಟ್ಟಿತು.

ಉಚ್ಚಂಗೆಮ್ಮನೂ ಹೊನ್ನಾಳಿಗೆ ಹೋದಳು, ಗಂಡನನ್ನು ಎಳೆದುಕೊಂಡೇ. ದಿನಾ ನಡೆದಳು, ಕರಿದದ್ದು ಬಿಟ್ಟಳು. ಮುಟ್ಟು ಸರಿಯಾಯಿತು, ಮಗು ಆಗಲಿಲ್ಲ. ಯಾಕೆಂದು ಡಾಕ್ಟ್ರಿಗೂ ಗೊತ್ತಾಗಲಿಲ್ಲ. ಕಸ್ತೂರಮ್ಮ ತನ್ನ ಕಥೆ ಹೇಳುವಾಗ ಉಚ್ಚಂಗೆಮ್ಮನದನ್ನೂ ಮುಚ್ಚಿಡುತ್ತಿರಲಿಲ್ಲ.

ಊರಿಗೆ ಹೊಸ ಸೊಸೆಯಂದಿರು ಬಂದಾಗ ಉಳಿದ ಹೆಂಗಸರು "ಏನಾದ್ರೂ ವಿಶೇಷ ಐತಾ?" ಅಂತ ಕೇಳುತ್ತಿದ್ದರು. ಕಸ್ತೂರಮ್ಮ ಆ ಸೊಸೆಯರನ್ನು ಪಕ್ಕಕ್ಕೆ ಕರೆದು, "ಮಧ್ಯಾಹ್ನ ಉಂಡ್ಯಾ? ಯಾರ ಜೊತೆ ಉಂಡೆ?" ಅನ್ನುತ್ತಿದ್ದಳು.