ಪಿನ್ನಮ್ಮನ ‘ಹೂಂ’

ಗಡಿ ಸೇತುವೆಯ ಈ ತುದಿಯಲ್ಲಿ ಪಿನ್ನಮ್ಮನ ಹೊಲಿಗೆ ಅಂಗಡಿ ಇತ್ತು. ಪಕ್ಕದ ಗೂಡಿನಲ್ಲಿ ನನ್ನ ಇಸ್ತ್ರಿ ಮೇಜು. ಅವಳು ಹೊಲಿದಿದ್ದಕ್ಕೆ ನಾನು ಇಸ್ತ್ರಿ ತಿಕ್ಕುತ್ತಿದ್ದೆ. ಹೆತ್ತವರು ಇಟ್ಟ ಹೆಸರು ಏನಿತ್ತೋ, ಬೀದಿಗೆಲ್ಲ ಅವಳು ಪಿನ್ನಮ್ಮ. ಬಟ್ಟೆ ತೊಡಿಸಿ ಅಳತೆ ನೋಡುವಾಗ ಅವಳ ತುಟಿಗಳ ನಡುವೆ ಗುಂಡುಪಿನ್ನುಗಳ ಸಾಲು ಇರುತ್ತಿತ್ತು. ಆಗ ಯಾರು ಏನು ಕೇಳಿದರೂ ‘ಹೂಂ’ ಇಲ್ಲವೇ ‘ಉಹೂಂ’. ಆಡಲೇಬೇಕಾದ ಮಾತಿದ್ದರೆ ಪಿನ್ನುಗಳನ್ನು ಅಂಗೈಗೆ ತೆಗೆದುಕೊಂಡು, ಮಣಿಕಟ್ಟಿನ ಮೆತ್ತೆಗೆ ಚುಚ್ಚಿಟ್ಟು, ಆಮೇಲೆ ಬಾಯಿ ಬಿಡುತ್ತಿದ್ದಳು.

ಹಾಗೆ ಪಿನ್ನು ತೆಗೆದು ಅವಳು ಹೆಚ್ಚಾಗಿ ಮಾತಾಡುತ್ತಿದ್ದದ್ದು ಪ್ರವಾಸಿಗಳ ಹತ್ತಿರ. ಹರಿದ ಚೀಲ ಹೊಲಿಸಲು ಬಂದವರು ಬೆಂಚಿನ ಮೇಲೆ ಕೂತು ಸೇತುವೆಯ ಗಡಿ ಗೇಟಿನ ಗೋಳು ತೋಡಿಕೊಳ್ಳುತ್ತಿದ್ದರು. ಕೆಲವು ದೇಶಗಳವರಿಗೆ ನಮ್ಮಲ್ಲಿ ವೀಸಾ ಬೇಡ. ಪಾಸ್‌ಪೋರ್ಟ್ ತೋರಿಸಿ ಒಳಗೆ ಬಂದು ಒಂದು ತಿಂಗಳು ಸುತ್ತಾಡಬಹುದು. ಹಿಂದೆಲ್ಲ ತಿಂಗಳು ತುಂಬಿದ ದಿನ ಸೇತುವೆ ದಾಟಿ, ಆಚೆ ಒಂದು ಲೋಟ ಚಹಾ ಕುಡಿದು ಮರಳಿ ಬಂದರೆ ಇನ್ನೊಂದು ತಿಂಗಳ ಮುದ್ರೆ ಬೀಳುತ್ತಿತ್ತು. ಆ ಆಟ ನಿಂತು ಹೋಗಿತ್ತು. ಈಗ ಆರು ತಿಂಗಳಿಗೆಲ್ಲ ಸೇರಿ ಒಂದೇ ತಿಂಗಳು. ಎಷ್ಟು ಸಲ ಹೋಗಿ ಬಂದರೂ ಹಳೆಯ ದಿನಗಳು ಬೆನ್ನಿಗಂಟಿಕೊಂಡೇ ಬರುತ್ತವೆ. ಹೆಚ್ಚು ದಿನ ಬೇಕಾದವರು ಒಳಗಿರುವಾಗಲೇ ಅರ್ಜಿ ಹಾಕಬೇಕು. ಮನೆಯಲ್ಲಿ ಮದುವೆ, ಕಾಯಿಲೆ ಅಂದರೆ ಕೊಡುತ್ತಿದ್ದರು. ಹೊರಗೆ ಕಾಲಿಟ್ಟರೆ ಮುಗಿಯಿತು. ಗೇಟಿನ ಸಾಹೇಬರ ಸಮವಸ್ತ್ರ ಹೊಲಿಯುತ್ತಿದ್ದವಳು ಅವಳೇ ಆದ್ದರಿಂದ ಇದೆಲ್ಲ ಅವಳ ಕಿವಿಗೆ ಬಿದ್ದಿತ್ತು. ಗುರುತು ಪರಿಚಯ ಇಲ್ಲದವರಿಗೂ ಬಿಡಿಸಿ ಹೇಳಿ, ಎಷ್ಟೋ ಜನರನ್ನು ಸೇತುವೆಯ ಬಾಯಿಂದ ಹಿಂದಕ್ಕೆ ಕಳಿಸಿದ್ದಾಳೆ.

ಅಂಥವಳ ಅಂಗಡಿಗೆ ಒಂದು ದಿನ ಅವಳ ಭಾವ ಬಂದ.

ಭಾವ ಅಂದರೆ ತೀರಿಹೋದ ಗಂಡನ ಅಣ್ಣ. ಗಂಡ ಸತ್ತಾಗ ಪಿನ್ನಮ್ಮನಿಗೆ ಇನ್ನೂ ಎಳೇ ವಯಸ್ಸು. ಮಾತಾಡಿಸಲು ಬಂದ ನೆಂಟರು ಹೊರಟು ಬೀದಿಯ ತಿರುವು ದಾಟಿರಲಿಲ್ಲ, ಈ ಭಾವ ಅವಳ ಹೊಲಿಗೆ ಯಂತ್ರವನ್ನು ಎತ್ತಿ ಹೊರಗಿನ ಮೆಟ್ಟಿಲ ಮೇಲೆ ಇಟ್ಟಿದ್ದ. “ನನ್ನ ತಮ್ಮ ಇರೋವರೆಗೆ ನೀನು ಈ ಮನೆಯವಳು. ಈಗ ನೆಂಟಳು. ನಿನ್ನ ದಿನ ಮುಗೀತು, ಹೊರಡು” ಅಂದಿದ್ದ. ಅವಳು ಯಂತ್ರವನ್ನು ತಲೆಯ ಮೇಲೆ ಹೊತ್ತು ಸೇತುವೆವರೆಗೆ ನಡೆದು ಬಂದಳು. ಅದರ ಭಾರಕ್ಕೆ ಹಿಡಿದ ಕುತ್ತಿಗೆ ಕೊನೆಯವರೆಗೂ ಪೂರ್ತಿ ನೆಟ್ಟಗಾಗಲಿಲ್ಲ. ಅವನು ಆ ಮನೆಯನ್ನು ಮಾರಿ, ಪರದೇಶಕ್ಕೆ ಹೋಗಿ, ಅಲ್ಲಿಯವನೇ ಆಗಿಬಿಟ್ಟ.

ಈಗ ಅಲ್ಲಿಯ ಪಾಸ್‌ಪೋರ್ಟ್ ಹಿಡಿದು, ತಾನು ಹುಟ್ಟಿದ ಊರಿಗೆ ಪ್ರವಾಸಿಯಾಗಿ ಬಂದಿದ್ದ. ಮಗಳಿಗೆ ಇಲ್ಲಿಯ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಹೆಂಡತಿ, ಮಗಳು ಆಮೇಲೆ ಬರುವವರು. ಇವನು ಎಲ್ಲರ ಮೇಲೆ ಯಜಮಾನಿಕೆ ಮಾಡಲು ಮೊದಲೇ ಬಂದಿದ್ದ. ಒಳ್ಳೆಯ ಕೋಟು ಹೊಲಿಯುವವರು ಯಾರು ಅಂತ ವಿಚಾರಿಸಿದರೆ ಊರೆಲ್ಲ ಈ ಅಂಗಡಿಯನ್ನೇ ತೋರಿಸಿತ್ತು.

“ನೀನಿನ್ನೂ ಇಲ್ಲೇ ಇದ್ದೀಯಾ?” ಅಂದ.

“ಎಲ್ಲಿಗೆ ಹೋಗಲಿ ಭಾವ?” ಅಂದು ಅವಳು ಟೇಪು ಬಿಚ್ಚಿದಳು.

ನನಗೆ ಮೈ ಉರಿಯಿತು. ಅವನು ಹೋದ ಮೇಲೆ, ಆ ಬಟ್ಟೆಯನ್ನು ಮುಖಕ್ಕೆ ಬಿಸಾಡಬೇಕಿತ್ತು ಅಂದೆ. ಅವಳು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಾ, ತನ್ನನ್ನು ಮದುವೆಗೆ ಕರೆಯುತ್ತಾನೋ ನೋಡೋಣ ಅಂದಳು. ಒಂದೇ ಒಂದು ಕರೆಗೆ ಕಾದಿದ್ದಳು. ಕರೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಕೋಟು ತೊಡಿಸಿ ನೋಡುವ ದಿನ ಬಂತು. ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಎರಡೂ ಕೈ ಅಗಲಿಸಿ, ಮೈತುಂಬ ಪಿನ್ನು ಚುಚ್ಚಿದಳು. ನಾನು ಅದೇ ಕೋಟಿನ ಕಾಲರು ತಿಕ್ಕಲು ಕಾದು ನಿಂತಿದ್ದೆ. ಬೆದರುಗೊಂಬೆಯ ಹಾಗೆ ನಿಂತೇ ಅವನು ಮದುವೆಯ ವೈಭವ ಹೇಳಿಕೊಂಡ. ಛತ್ರ ಚಿಕ್ಕದಂತೆ, ತೀರ ಹತ್ತಿರದವರನ್ನು ಮಾತ್ರ ಕರೆದಿದ್ದಾನಂತೆ. “ನೀನು ಬೇಜಾರು ಮಾಡ್ಕೋಬೇಡ. ಹೇಗಿದ್ರೂ ನಿನಗೆ ಅಂಗಡಿ ಬಿಟ್ಟು ಬರೋಕಾಗಲ್ಲ” ಅಂದ.

ಪಿನ್ನಮ್ಮ ಅವನ ಬೆನ್ನ ಹಿಂದೆ ಇದ್ದಳು. ಮೆತ್ತೆಯಿಂದ ಇನ್ನೂ ಒಂದು ಹಿಡಿ ಪಿನ್ನು ಕಿತ್ತು ಬಾಯಿಗಿಟ್ಟುಕೊಂಡಳು.

“ಅಂದಹಾಗೆ, ಮದುವೆ ಹೊತ್ತಿಗೆ ನನ್ನ ತಿಂಗಳು ಮುಗಿದಿರುತ್ತೆ” ಅಂದ ಅವನು. “ಹಿಂದಿನ ದಿನ ಸೇತುವೆ ದಾಟಿ ಬಂದ್ರೆ ಆಯ್ತಲ್ಲ? ಹಿಂದೊಮ್ಮೆ ಹಾಗೇ ಮಾಡಿದ್ದೆ. ಗೇಟಿನ ಎದುರಿಗೇ ಇದ್ದೀಯ, ನಿನಗೆ ಗೊತ್ತಿರುತ್ತೆ.”

ಅವಳ ಕೈ ಒಂದು ಗಳಿಗೆ ನಿಂತಿತು. ಪಿನ್ನು ತೆಗೆಯುತ್ತಾಳೆ ಅಂತ ನಾನು ಕಾದೆ. ತೆಗೆಯಲಿಲ್ಲ.

“ಹೂಂ” ಅಂದಳು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಭಾವ ಕೈ ಬೀಸಿಕೊಂಡು ಬಂದ. ಸಂಜೆ ಕೋಟು ಒಯ್ಯುತ್ತೇನೆಂದು ಹೇಳಿ ಸೇತುವೆ ಹತ್ತಿದ. ಹೋಗುವವರನ್ನು ಗೇಟಿನವರು ತಡೆಯುವುದಿಲ್ಲ. ಚಹಾ ಕುಡಿದು ತಿರುಗಿ ಬಂದಾಗ ಅಡ್ಡಗಂಬ ಏಳಲಿಲ್ಲ. ಕೂಗಾಡಿದ, ಕೈ ಮುಗಿದ, ಮಗಳ ಹೆಸರು ಹೇಳಿದ. ಕಾಯ್ದೆಯ ಕಿವಿಗೆ ಅದು ಬೀಳಲಿಲ್ಲ.

ಮಧ್ಯಾಹ್ನ ಮದುವಣಗಿತ್ತಿಯೇ ಅಂಗಡಿಗೆ ಓಡಿ ಬಂದಳು. ಹುಟ್ಟಿದ ಮೇಲೆ ಕಂಡೇ ಇರದ ಚಿಕ್ಕಮ್ಮನ ಎದುರು ನಿಂತು, ಸಾಹೇಬರಿಗೆ ಒಂದು ಮಾತು ಹೇಳಿ ಅಂತ ಬೇಡಿದಳು. ಪಿನ್ನಮ್ಮ ಪಿನ್ನುಗಳನ್ನೆಲ್ಲ ಮೆತ್ತೆಗೆ ಚುಚ್ಚಿಟ್ಟು, ಒಳಗಿದ್ದಾಗಲೇ ಅರ್ಜಿ ಹಾಕಿದ್ದರೆ ಆಗುತ್ತಿತ್ತು, ಈಗ ಯಾರು ಹೇಳಿದರೂ ಆಗದು ಅಂದಳು.

“ನಿಮಗೆ ಇದು ಮೊದಲೇ ಗೊತ್ತಿತ್ತಾ ಚಿಕ್ಕಮ್ಮ?”

“ಗೊತ್ತಿತ್ತು ಮಗಳೇ.”

ಹುಡುಗಿ ನೋಡಿದ ನೋಟಕ್ಕೆ ನಾನು ತಲೆ ತಗ್ಗಿಸಿದೆ. ಪಿನ್ನಮ್ಮ ತಗ್ಗಿಸಲಿಲ್ಲ. ಆದರೆ ಹುಡುಗಿ ಹೊರಟಾಗ ಅವಳ ಸೆರಗಿನಲ್ಲಿ ಬಿಚ್ಚಿದ್ದ ಅಂಚನ್ನು ಕಂಡು, ನಿಲ್ಲಿಸಿ, ಮಂಡಿಯೂರಿ ಕೂತು ಹೊಲಿದುಕೊಟ್ಟಳು.

ಮರುದಿನ ಛತ್ರದಲ್ಲಿ ವಾದ್ಯ ಶುರುವಾದಾಗ ಅವಳು ಅಂಗಡಿಗೆ ಬಾಗಿಲು ಹಾಕಿ, ನಾನು ಇಸ್ತ್ರಿ ಮಾಡಿದ್ದ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಹೊರಟಳು. ಊರಿನವರಿಗೆ ಸೇತುವೆ ದಾಟಲು ಚೀಟಿ ಇರುತ್ತದೆ. ಕುತೂಹಲ ತಡೆಯದೆ ನಾನೂ ಹಿಂದೆ ಹೋದೆ.

ಆಚೆಯ ತುದಿಯಲ್ಲಿ ಭಾವ ಕಟ್ಟೆಯ ಮೇಲೆ ಕೂತಿದ್ದ. ಅವಳು ಅವನನ್ನು ಎಬ್ಬಿಸಿ ಕೋಟು ತೊಡಿಸಿದಳು, ಭುಜ ಸರಿಮಾಡಿದಳು, ಗುಂಡಿ ಹಾಕಿದಳು. ಎಲ್ಲೂ ಒಂದು ಸುಕ್ಕಿಲ್ಲ. ಅವನು ಚಿಕ್ಕ ಮಗುವಿನ ಹಾಗೆ ಎಲ್ಲದಕ್ಕೂ ಮೈ ಕೊಟ್ಟ.

“ಹೂಂ ಅಂದೆಯಲ್ಲೇ” ಅಂದ.

“ಬಾಯಲ್ಲಿ ಪಿನ್ನಿತ್ತು ಭಾವ.”

ನೀರಿನ ಮೇಲಿಂದ ವಾದ್ಯದ ಸದ್ದು ಜೋರಾಗಿ ಬಂತು. ಅವನು ಆ ಕಡೆಗೆ ಎರಡು ಹೆಜ್ಜೆ ಇಟ್ಟು ನಿಂತ.

“ನೆಂಟರಾಗಿ ಬಂದಿದ್ರಿ” ಅಂದಳು ಅವಳು, ದನಿ ಏರಿಸದೆ. “ನಿಮ್ಮ ದಿನ ಮುಗೀತು.”

ಆಮೇಲೆ ತಿರುಗಿ ನಡೆದಳು. ಅಡ್ಡಗಂಬ ಅವಳಿಗಾಗಿ ಎದ್ದಿತು, ಅವಳು ದಾಟಿದ ಮೇಲೆ ಇಳಿಯಿತು.