ಇಟಲಿಯ ವೈನೂ ಕೊಬ್ಬರಿ ಮೂಗೂ

ಅಣಕಿಸುವ ಚಟಕ್ಕೆ ಬಿದ್ದು ತುಂಬಿದ ಮನೆಯಲ್ಲಿ ಮಂಗನಾದವನು ನಾನು. ಈಗಲೂ ಆ ಮನೆ ಮುಂದೆ ತಲೆ ತಗ್ಗಿಸಿಯೇ ಹೋಗುತ್ತೇನೆ. ಅದು ನಮ್ಮ ಪಕ್ಕದ ಮನೆ, ಅದರ ಯಜಮಾನರು ತಿಪಟೂರಿನ ಕೊಬ್ಬರಿ ವ್ಯಾಪಾರಿ. ಕೊಬ್ಬರಿ ಮಂಡಿಯಲ್ಲಿ ಕೂತು ಒಡೆದ ಕೊಬ್ಬರಿ ಮೂಸಿ, ಕಣ್ಣು ಮುಚ್ಚಿ, "ಮೂಗು ಮೋಸ ಮಾಡಲ್ಲ ಕಣಪ್ಪ" ಎಂದರೆ ರೈತರು ಅವರು ಹೇಳಿದ ಬೆಲೆಗೆ ಒಪ್ಪುತ್ತಿದ್ದರು.

ಒಂದು ಸಂಜೆ ಅವರ ಅಳಿಯ ಇಟಲಿಯ ಕೆಂಪು ವೈನ್ ತಂದಿದ್ದ, ಕಿಯಾಂಟಿ. ನೆಂಟರ ಜೊತೆ ನನ್ನನ್ನೂ ಕರೆದಿದ್ದರು. ಇವರು ಗುಟುಕು ಕುಡಿದು, "ಹುಳಿ ಐತೆ, ಒಗರೈತೆ. ಟೊಮೆಟೊ ಗೊಜ್ಜಿಗೆ ಸರಿ, ಕಾಯಿ ಚಟ್ನಿಗೆ ಬ್ಯಾಡ" ಎಂದರು.

"ಘಮ ಹೆಂಗೈತೆ ಮಾವ?" ಎಂದ ಅಳಿಯ.

ಇವರು ಗ್ಲಾಸು ಮೂಸುತ್ತಲೇ ಇದ್ದರು. ನಾನೆದ್ದು ಅವರಂತೆಯೇ ಮೂಸಿ, "ಮೂಗು ಮೋಸ ಮಾಡಲ್ಲ ಕಣಪ್ಪ" ಎಂದೆ. ಎಲ್ಲರೂ ನಕ್ಕರು. ಅವರು ಗ್ಲಾಸು ಕೆಳಗಿಟ್ಟರು.

"ಜ್ವರ ಬಂದು ಹೋದಾಗಿಂದ ನಂಗೆ ವಾಸ್ನೇನೇ ಗೊತ್ತಾಗಲ್ಲ ಕಣ್ಲಾ. ಮಂಡೀಲಿ ದಿನಾ ನಾನೂ ನನ್ನನ್ನೇ ಅಣಕಿಸ್ತಾ ಕೂತಿದೀನಿ."